ಬಂಡೆ ಹಿಡಿದಿಟ್ಟ ಮಾತು

ಆ ಹಳೆಯ ಚಿನ್ನದ ಗಣಿಯ ಬಂಡೆಗಳು, ಕೇಳಿದ ಮಾತನ್ನು ಸರಿಯಾಗಿ ನಲವತ್ತು ವರ್ಷದ ನಂತರ ಒಮ್ಮೆ ಮರಳಿ ನುಡಿಯುತ್ತಿದ್ದವು. ಗಂಡ ಇದೇ ಗಣಿಯೊಳಗೆ ಸತ್ತು ಇಂದಿಗೆ ನಲವತ್ತು ವರ್ಷ. ಅದಕ್ಕೆಂದೇ ಗುರುಬಸವ್ವ ಪ್ರವಾಸದ ಟಿಕೆಟ್ ಕೊಂಡು ಸುರಂಗಕ್ಕೆ ಇಳಿದಿದ್ದಳು. ಕೊನೆಗಳಿಗೆಯಲ್ಲಿ ಅವನ ಬಾಯಲ್ಲಿ ಶಿವನಾಮ ಬಂದಿತ್ತೇ ಎಂಬುದೊಂದೇ ಅವಳ ಚಿಂತೆ. ಗೈಡ್ ಮಾತ್ರ ಗಣಿಯ ಆಳ ಅಗಲಗಳನ್ನು ಒದರುತ್ತಲೇ ಇದ್ದ.

“ಒಂದೀಟು ಬಾಯಿ ಮುಚ್ಚೋ ತಮ್ಮಾ, ಕೈ ಮುಗಿತೀನಿ!”

ಅಷ್ಟರಲ್ಲೇ ಬಂಡೆಯೊಳಗಿಂದ ಗಂಡನ ದನಿ ಬಂತು: “ಇವತ್ತೂ ಪಲ್ಯಕ್ಕ ಉಪ್ಪು ಹಾಕಿಲ್ಲ ನಮ್ಮಾಕಿ. ಶಿವಶಿವಾ!” ಹಿಂದೆಯೇ ಕಲ್ಲು ಕುಸಿದ ಸದ್ದು.

“ಹಾಕಿದ್ದೆ! ಕಲಸಿಕೊಂಡು ಉಣ್ಣಾಕ ನಿಮಗೆಲ್ಲಿ ಪುರುಸೊತ್ತು?” ಎಂದು ಗುರುಬಸವ್ವ ಬಂಡೆಗೆ ಗದರಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಂತೂ ಶಿವನ ಹೆಸರು ಬಂತಲ್ಲ, ಸಾಕು,” ಎಂದು ಕೈಮುಗಿದಳು.