ಅತ್ತೆಯ ಎಡಗಾಲು

ಸಿಗ್ನಲ್ಲಿನಲ್ಲಿ ಕಾರು ಮತ್ತೆ ಆಫಾಯಿತು. ಹಿಂದಿನ ಲಾರಿಯವನು ಹಾರನ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಡ್ರೈವಿಂಗ್ ಮಾಸ್ತರು ಹಣೆ ಚಚ್ಚಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬಂದಂತೆ ಬೈದುಬಿಡುತ್ತಿದ್ದರು. ಆದರೆ ಸ್ಟಿಯರಿಂಗ್ ಹಿಡಿದು ಕೂತಿದ್ದವರು ಹೆಂಡತಿಯ ತಾಯಿ.

"ಎಲ್ಲಾ ನಿಮ್ಮ ಎಡಗಾಲಿನದೇ ಕಿತಾಪತಿ, ಅತ್ತೆ. ಕ್ಲಚ್ಚನ್ನ ಥಟ್ಟಂತ ಬಿಡಬೇಡಿ ಅಂತ ಎಷ್ಟು ಸಲ ಹೇಳ್ಲಿ?"

"ನಾನಿನ್ನೂ ಬಿಟ್ಟೇ ಇಲ್ವಲ್ಲ."

"ಬಿಡದೇ ಇದ್ರೆ ಗಾಡಿ ತಾನಾಗೇ ಆಫ್ ಆಗುತ್ತಾ?"

ಅತ್ತೆ ತಮ್ಮ ಎಡಗಾಲನ್ನೊಮ್ಮೆ ಬಗ್ಗಿ ನೋಡಿಕೊಂಡರು. ಹೊಲಿಗೆ ಯಂತ್ರ ತುಳಿದೂ ತುಳಿದೂ ಮಗಳನ್ನು ಓದಿಸಿದ ಕಾಲು ಅದು. ಹೊಲಿದ ಬಟ್ಟೆಯನ್ನು ಅಂಗಡಿಗಳಿಗೆ ತಲುಪಿಸಲು ಇನ್ನು ಯಾರ ದಾರಿಯನ್ನೂ ಕಾಯಬಾರದೆಂದು ಅವರು ಲೈಸೆನ್ಸಿಗೆ ಅರ್ಜಿ ಹಾಕಿದ್ದರು. ಮರುದಿನವೇ ಪರೀಕ್ಷೆ. ಮನೆಗೆ ಬಂದವರೇ ತಮ್ಮ ಕಾಲಿಗೆ ಈ ವಿದ್ಯೆ ಹತ್ತುವುದಿಲ್ಲ, ಪರೀಕ್ಷೆಗೆ ಹೋಗುವುದಿಲ್ಲವೆಂದು ಮಗಳಿಗೆ ಹೇಳಿ ಒಳಗೆ ಹೋದರು. ಮಗಳು ಗಂಡನನ್ನು ನೋಡಿದ ನೋಟಕ್ಕೆ ಮಾಸ್ತರು ಕುಡಿಯುತ್ತಿದ್ದ ನೀರಿನ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. ಅವರಿಗೂ ಪಾಪ ಅನಿಸದೆ ಇರಲಿಲ್ಲ.

ಸಂಜೆ ಕಾರನ್ನು ಶೆಡ್ಡಿಗೆ ಸೇರಿಸಲು ಹೋದರೆ ಗೇಟಿನ ಬಳಿಯೇ ಆಫಾಯಿತು. ಮತ್ತೆ ಸ್ಟಾರ್ಟ್ ಮಾಡಿದರು, ಮತ್ತೆ ಆಫಾಯಿತು. ದೂರೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ, ಎಡಗಾಲೂ ತಮ್ಮದೇ. ಬಾನೆಟ್ ಎತ್ತಿದ ಮೇಲೆ ಹೊಳೆಯಿತು. ಹಿಂದಿನ ವಾರವಷ್ಟೇ ಅವರು ತೊಳೆದು ಬಳಸುವ ಹೊಸ ಏರ್ ಫಿಲ್ಟರ್ ಹಾಕಿದ್ದರು. ಅದಕ್ಕೆ ಎಣ್ಣೆ ತೆಳುವಾಗಿ ಸವರಿದರೆ ಸಾಕು. ಎಣ್ಣೆ ಹೆಚ್ಚಿದಷ್ಟೂ ಫಿಲ್ಟರು ಧೂಳನ್ನು ಹೆಚ್ಚು ತಡೆಯುತ್ತದೆಂದು ಮಾಸ್ತರು ಬಾಟಲಿಯನ್ನೇ ಬಗ್ಗಿಸಿದ್ದರು. ಆ ಎಣ್ಣೆ ಗಾಳಿಯ ಜೊತೆ ಒಳಗೆ ಹೋಗಿ, ಗಾಳಿಯನ್ನು ಅಳೆಯುವ ಸೆನ್ಸರಿಗೆ ಮೆತ್ತಿಕೊಂಡಿತ್ತು. ಅಳತೆ ತಪ್ಪಿದ ಎಂಜಿನ್ ಬಿಕ್ಕಳಿಸಿ ಮಲಗದೆ ಇನ್ನೇನು ಮಾಡೀತು?

ಸೆನ್ಸರಿಗೆಂದೇ ಸಿಗುವ ಸ್ಪ್ರೇ ಹೊಡೆದು, ಆರಲು ಬಿಟ್ಟು, ಹಳೆಯ ಕಾಗದದ ಫಿಲ್ಟರನ್ನೇ ಮರಳಿ ಕೂರಿಸಿದರು. ಎಂಜಿನ್ ಒಂದೇ ಸಮನೆ ಓಡತೊಡಗಿತು. ಅತ್ತೆಗೆ ನಿಜ ಹೇಳಿಬಿಡಬೇಕೆಂದು ಒಳಗೆ ಹೋದರು. ಆದರೆ ಬಾಗಿಲ ಬಳಿ ಮಾಸ್ತರಿಕೆ ಅಡ್ಡಬಂತು. ಎಡಗಾಲಿಗೆ ಹೊಸದೊಂದು ಉಪಾಯ ಹೇಳಿಕೊಡುತ್ತೇನೆ, ಒಂದೇ ಒಂದು ಸುತ್ತು ಬನ್ನಿ ಎಂದು ಅತ್ತೆಯನ್ನು ಕೈಮುಗಿದು ಹೊರಡಿಸಿದರು.

ಸಿಗ್ನಲ್ಲಿನಲ್ಲಿ ಕಾರು ಆಫಾಗಲಿಲ್ಲ. ಏರಿನಲ್ಲೂ ಆಗಲಿಲ್ಲ. ಅತ್ತೆಯ ಮುಖ ಅರಳಿತು, ಮಾಸ್ತರ ಎದೆ ಉಬ್ಬಿತು.

"ನೋಡಿದ್ರಾ ಅತ್ತೆ? ಹೇಳಿಕೊಡೋ ಹಾಗೆ ಹೇಳಿಕೊಟ್ರೆ ಕಾಲು ದಾರಿಗೆ ಬರಲೇಬೇಕು."

ಅತ್ತೆ ಮನೆಯ ಮುಂದೆ ಕಾರು ನಿಲ್ಲಿಸಿ, ಚೀಲದಿಂದ ಬಟ್ಟೆಯ ತುಂಡೊಂದನ್ನು ತೆಗೆದು ಅಳಿಯನತ್ತ ಚಾಚಿದರು.

"ಮೊದಲು ಕೈ ಒರೆಸ್ಕೊಳ್ಳಿ. ನನ್ನ ಎಡಗಾಲಲ್ಲಿ ಇಷ್ಟೊಂದು ಎಣ್ಣೆ ಇತ್ತು ಅಂತ ನನಗೇ ಗೊತ್ತಿರಲಿಲ್ಲ."