ಕೊಪ್ರೇಯನ ಹುಟ್ಟುಹಬ್ಬ

"ಶುಕ್ರವಾರವೇ ಯಾಕಣ್ಣ?" ಗ್ಲಿಕೇರ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಅವತ್ತು ರೋಮಿನ ಅಧಿಪತಿ ಊರಲ್ಲೇ ಇರ್ತಾನೆ. ದೂರು ಕೇಳೋಕೆ ಕೂರೋದೂ ಅವತ್ತೇ."

"ಅವತ್ತೇ ಆಗ್ಬೇಕಮ್ಮ," ಎಂದ ಅರಿಸ್ತೋನ. "ತಡ ಮಾಡಿದ್ರೆ ಚಳಿಗಾಲ ಬಂತು. ಹಡಗೂ ಇಲ್ಲ, ಜನರೂ ಇಲ್ಲ. ಹುಟ್ಟುಹಬ್ಬಕ್ಕೆ ಜನ ಬೇಡ್ವಾ?"

ಅವಳು ಮತ್ತೆ ನಾದತೊಡಗಿದಳು. ಹಿಟ್ಟಿಗೆ ಎಳ್ಳು ಸುರಿದಳು.

ಅರಿಸ್ತೋನ ಆ ಬಂದರೂರಿನ ಕ್ರೈಸ್ತ ಸಭೆಯ ಹಿರಿಯ. ಸಭೆ ಎಂದರೆ ಉಣ್ಣೆಗೆ ಬಣ್ಣ ಹಾಕುವ ವಿಧವೆ ಗ್ಲಿಕೇರಳ ಮನೆಯ ಮಹಡಿ. ಒಂದು ಕಾಲಕ್ಕೆ ಮೆಟ್ಟಿಲ ಮೇಲೂ ಜನ ಕೂರುತ್ತಿದ್ದರು. ಈಗ ಬೆಳಗಿನ ಪ್ರಾರ್ಥನೆಗೆ ಬರುವವರಿಗೆ ಒಂದು ಚಾಪೆ ಸಾಕು. ಉಳಿದವರನ್ನೆಲ್ಲ ಗುಡ್ಡದ ಮೇಲಿನ ಊರಿನ ಸಭೆ ನುಂಗಿತ್ತು.

ಆ ಸಭೆಗೆ ದಿಯೋದೋರನಿದ್ದ. ವರ್ಷಕ್ಕೊಮ್ಮೆ ಅವನ ಹುಟ್ಟುಹಬ್ಬ. ಊರಾಚೆ ಅವನ ಜಾಗದಲ್ಲಿ ದೀಪ, ಹಾಡು, ಬಡವರಿಗೆಲ್ಲ ಊಟ. ದಿಯೋದೋರ ಒಂದು ಮಾತೂ ಆಡುವುದಿಲ್ಲ, ಒಂದು ತುತ್ತೂ ಮುಟ್ಟುವುದಿಲ್ಲ. ಆದರೂ ವಿಗ್ರಹಕ್ಕೆ ಕೈಮುಗಿಯುವವರು ಕೂಡ ಅಲ್ಲಿಗೆ ಹೋಗಿ, ಕಣ್ಣೊರೆಸಿಕೊಂಡು, ಸಭೆ ಸೇರಿ ಬರುತ್ತಿದ್ದರು. ಪಕ್ಕದ ಮನೆಯ ಒಲೆ ಉರಿದರೆ ನಮ್ಮ ಹೊಟ್ಟೆ ಉರಿಯುವುದು ದೇವರ ಮಕ್ಕಳಲ್ಲೂ ಇದ್ದದ್ದೇ. ಅರಿಸ್ತೋನನಿಗೂ ಅಂಥದೊಂದು ಹುಟ್ಟುಹಬ್ಬ ಬೇಕಾಗಿತ್ತು. ಅದಕ್ಕೆ ಅವನು ಆರಿಸಿದ್ದು ಕೊಪ್ರೇಯನನ್ನು.

ಕೊಪ್ರೇಯ ಎಂದರೆ ತಿಪ್ಪೆಯವನು. ಹೆತ್ತವರು ತಿಪ್ಪೆಗೆಸೆದ ಕೂಸನ್ನು ಯಾರೋ ಎತ್ತಿಕೊಂಡು, ಆ ಹೆಸರಿಟ್ಟು, ತಲೆ ನರೆಯುವವರೆಗೆ ದುಡಿಸಿ ಕೈಬಿಟ್ಟಿದ್ದರು. ಹಡಗಿನ ಮೂಟೆ ಹೊತ್ತು ಬೆನ್ನು ಬಾಗಿತ್ತು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಎಲ್ಲಿ ಹೋದ ಎಂದು ಕೇಳುವವರಿಲ್ಲ. ಸಭೆಗೆ ಬರುತ್ತಿದ್ದ, ಆದರೆ ದೀಕ್ಷಾಸ್ನಾನವಾಗಿರಲಿಲ್ಲ. ಹಾಗಾಗಿ ಪ್ರಸಾದದ ರೊಟ್ಟಿ ಮುರಿಯುವ ಹೊತ್ತಿಗೆ ಅವನನ್ನು ಹೊರಗೆ ಕಳುಹಿಸಿ ಬಾಗಿಲು ಹಾಕುತ್ತಿದ್ದರು. ಅವನು ಮೆಟ್ಟಿಲ ಮೇಲೆ ಕೂತು, ಒಳಗಿನವರ ಅರ್ಥವಾಗದ ಹಾಡಿಗೆ ತಲೆದೂಗುತ್ತಿದ್ದ. ಒಂದು ದಿನವಾದರೂ ಆ ಬಾಗಿಲ ಒಳಗೆ ಕೂರಬೇಕು ಎನ್ನುವುದೇ ಅವನ ಬಾಳಿನ ಆಸೆ.

"ನನಗಾ ಹುಟ್ಟುಹಬ್ಬ?" ಕೊಪ್ರೇಯ ಬೊಚ್ಚುಬಾಯಿ ತೆರೆದು ನಕ್ಕಿದ್ದ. "ಹಿರಿಯಣ್ಣ, ನಾನು ಹುಟ್ಟಿದ ದಿನ ಹೆತ್ತೋಳಿಗೇ ನೆನಪಿರಲ್ಲ. ಆ ತಿಪ್ಪೆ ಕೆದಕ್ತಿದ್ದ ಕೋಳಿನ ಕೇಳ್ಬೇಕಷ್ಟೆ."

"ನಾವು ಮರೆಯಲ್ಲ ಕಣೋ. ವರ್ಷಾ ವರ್ಷಾ ಮಾಡ್ತೀವಿ. ನಿನ್ನ ಹೆಸರು ಹೇಳಿಯೇ ರೊಟ್ಟಿ ಮುರೀತೀವಿ."

"ನನ್ನನ್ನ ಒಳಗೆ ಕೂರಿಸ್ಕೊಳ್ತೀರಾ?"

"ಎಲ್ಲರಿಗಿಂತ ಒಳಗೆ," ಎಂದ ಅರಿಸ್ತೋನ. "ಪಾಠ ಮಾತ್ರ ಮರೀಬೇಡ. ದೀಕ್ಷೆಲಿ ಮೂರು ಸಲ ಕೇಳ್ತಾರೆ. ಮೂರು ಸಲವೂ ಹೌದು ಅನ್ಬೇಕು. ನಡುವೆ ಯಾರು ಪುಸಲಾಯಿಸಿದ್ರೂ ಅಷ್ಟೆ."

ಆ ವಾರವೆಲ್ಲ ಕೊಪ್ರೇಯ ಮೂಟೆ ಹೊರುತ್ತಾ "ಹೌದು, ಹೌದು, ಹೌದು" ಎಂದು ಬಾಯಿಪಾಠ ಮಾಡಿದ. "ಯಾವಳು ಕೇಳಿದ್ಲೋ ಮುದುಕಾ?" ಎಂದು ಜೊತೆಯ ಹಮಾಲರು ಕಿಚಾಯಿಸಿದರು. ಅವನು ಅದಕ್ಕೂ ಹೌದು ಎಂದ.

ಶುಕ್ರವಾರ ಬೆಳಿಗ್ಗೆ ಗ್ಲಿಕೇರ ಅವನಿಗೆ ಬಿಳಿ ಅಂಗಿ ತೊಡಿಸಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಏನಕ್ಕ, ಹೊಗೆಯಾ?"

"ಹ್ಞೂಂ ತಮ್ಮ, ಹೊಗೆ."

ಒಲೆ ಆಗಲೇ ಆರಿತ್ತು. ಅವಳು ಕೊಟ್ಟ ಎಳ್ಳು-ಜೇನಿನ ರೊಟ್ಟಿಯನ್ನು ಅವನು ತಿನ್ನಲಿಲ್ಲ. "ಒಳಗೆ ಕೂತ ಮೇಲೆ ತಿಂತೀನಿ," ಎಂದು ಮಡಿಲಿಗೆ ಕಟ್ಟಿಕೊಂಡ.

ಮಹಡಿ ಹತ್ತುವ ಮೊದಲೇ ಸಿಪಾಯಿಗಳು ಬಂದರು. ಅವನ ಹೆಸರು ಕೂಗಿ ಅವನೊಬ್ಬನನ್ನೇ ಎಳೆದುಕೊಂಡು ಹೋದರು. ಮನೆಯಲ್ಲಿ ಬೇರೆ ಯಾರನ್ನೂ ಮುಟ್ಟಲಿಲ್ಲ.

ಅಧಿಪತಿ ಕೆಟ್ಟವನಲ್ಲ, ಬೇಸತ್ತವನು. ಹಸಿವೂ ಆಗಿತ್ತು.

"ನಿನ್ನ ಮೇಲೆ ದೂರು ಬಂದಿದೆ. ನೀನು ಕ್ರೈಸ್ತನಾ?"

ಕೊಪ್ರೇಯ ಹಿಂದೆ ತಿರುಗಿದ. ಗುಂಪಿನಲ್ಲಿ ಕಣ್ಣಾಡಿಸಿದ. ಅರಿಸ್ತೋನ ಮುಂದಿನ ಸಾಲಿನಲ್ಲೇ ನಿಂತಿದ್ದ. ಪಾಠ ನೆನಪಾಯಿತು.

"ಹೌದು."

"ಚಕ್ರವರ್ತಿಯ ವಿಗ್ರಹಕ್ಕೆ ಒಂದು ಚಿಟಿಕೆ ಧೂಪ ಹಾಕಿ ಮನೆಗೆ ಹೋಗಯ್ಯ. ಇಲ್ಲದಿದ್ರೆ ಕತ್ತಿ. ಕ್ರೈಸ್ತನಾ?"

"ಹೌದು. ಸ್ವಾಮಿ, ಇವತ್ತು ನನ್ನ ಹುಟ್ಟುಹಬ್ಬ."

ಜನ ಗೊಳ್ಳೆಂದರು. ಅಧಿಪತಿಯೂ ನಕ್ಕ. "ಹುಟ್ಟುಹಬ್ಬದ ದಿನ ಯಾರಾದ್ರೂ ಸಾಯ್ತಾರೇನಯ್ಯ? ಯೋಚಿಸಿ ಹೇಳು. ಕೊನೇ ಸಲ ಕೇಳ್ತಿದೀನಿ."

ಕೊಪ್ರೇಯ ಮತ್ತೆ ಅರಿಸ್ತೋನನ ಕಡೆ ನೋಡಿದ. ಅರಿಸ್ತೋನ ಹೌದೆಂದು ತಲೆಯಾಡಿಸಿದ. ಮುದುಕನ ಮುಖ ಅರಳಿತು. ಬಾಳಿನಲ್ಲಿ ಅವನು ಕಲಿತ ಪಾಠ ಇದೊಂದೇ, ಅದು ಅವನಿಗೆ ಚೆನ್ನಾಗಿ ಬರುತ್ತಿತ್ತು.

"ಹೌದು!"

ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಅರಿಸ್ತೋನ ಮನೆಯಿಂದಲೇ ತಂದಿದ್ದ ನಾರುಬಟ್ಟೆಯಲ್ಲಿ ರಕ್ತವನ್ನು ಒಂದು ಹನಿ ಬಿಡದೆ ಹೀರಿಸಿದ. ಕಿಚಾಯಿಸಿದ ಹಮಾಲರೇ ಬಿಕ್ಕಿ ಬಿಕ್ಕಿ ಅತ್ತರು. ಮುಂದಿನ ಪ್ರಾರ್ಥನೆಗೆ ಗ್ಲಿಕೇರಳ ಮೆಟ್ಟಿಲು ಸಾಲದಾಯಿತು.

ಮರುವರ್ಷ ಅದೇ ದಿನ, ಊರಾಚೆಯ ಗೋರಿಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಗೋರಿಯ ಕಲ್ಲಿನ ಮೇಲೇ ರೊಟ್ಟಿ ಮುರಿದರು. ಕೊಪ್ರೇಯ ಎಲ್ಲರಿಗಿಂತ ಒಳಗಿದ್ದ. ಸಭೆಗೆ ಹೊಸದಾಗಿ ಸೇರಿದ್ದ ನೇಕಾರ ಹೆಂಗಸೊಬ್ಬಳು ಎಳ್ಳು-ಜೇನಿನ ರೊಟ್ಟಿ ಅಗಿಯುತ್ತಾ ಮರುಗಿದಳು. "ಪಾಪ, ಹುಟ್ಟುಹಬ್ಬದ ದಿನವೇ ಸಾಯ್ಬೇಕಿತ್ತಾ ಅಕ್ಕ?"

"ಅವನು ಹುಟ್ಟಿದ ದಿನ ಯಾರಿಗೆ ಗೊತ್ತು ತಂಗಿ," ಎಂದು ಗ್ಲಿಕೇರ ಅವಳ ಕೈಗೆ ಇನ್ನೊಂದು ತುಂಡು ಹಾಕಿದಳು. "ನಮ್ಮಲ್ಲಿ ಹುಟ್ಟುಹಬ್ಬ ಅನ್ನೋದು ದೇವರಿಗಾಗಿ ಸಾಯೋ ದಿನಕ್ಕೆ, ಗುಡ್ಡದ ದಿಯೋದೋರಂದೂ ಅಷ್ಟೆ. ಅವನದನ್ನ ಹಿರಿಯರು ಒಂದು ವಾರ ಮೊದಲೇ ಗೊತ್ತು ಮಾಡಿದ್ರು."