ಒತ್ತಾಯದ ಒಲೆ

ಗದಗಿನಲ್ಲಿ ಹಿಮ ಬೀಳತೊಡಗಿ ಅದು ಹನ್ನೊಂದನೆಯ ವರ್ಷ. ಯಾವ ಮನೆ ಯಾವುದರಿಂದ ಎಷ್ಟು ಬೆಚ್ಚಗಾಗುತ್ತದೆಂದು ಅಳೆಯಲು ಬಂದಿದ್ದ ಇನ್‌ಸ್ಪೆಕ್ಟರ್ ಹುಯಿಲಗೋಳ, ಓಣಿಯ ಕರೆಂಟಿನ ಹೀಟರು, ಇದ್ದಿಲಿನ ಒಲೆಗಳನ್ನೆಲ್ಲ ಮುಗಿಸಿ ನೀಲವ್ವನ ಮನೆಗೆ ಬಂದರು. ಅವಳದು ಒತ್ತಾಯದ ಒಲೆ. ಉಣ್ಣಲು ಕೂತವರು ಒಲ್ಲೆ ಎಂದಷ್ಟೂ, ಬಡಿಸುವವರು ಬಿಡದೆ ಒತ್ತಾಯ ಮಾಡಿದಷ್ಟೂ ಅದು ಉರಿಯುತ್ತಿತ್ತು.

“ಖರ್ಚು ಎಷ್ಟು ಬರ್ತೈತ್ರಿ?”

“ದಿನಕ್ಕ ಒಬ್ಬರು ಬೀಗರು ಬಂದ್ರ ಸಾಕ್ರಿ. ಏಳು ಸಲ ಒಲ್ಲೆ ಅಂತಾರ, ಎರಡು ಖೋಲಿ ಕಾಯ್ತಾವ. ನಮ್ಮ ಮೈದುನನಿಂದ ಏನೂ ಉಪಯೋಗಿಲ್ಲ. ಹಾಕ್ಲೇನು ಅಂದ್ರ ಹಾಕು ಅಂತಾನ.”

ಮೂರು ದಿನದಿಂದ ಮನೆಗೆ ಯಾರೂ ಬಂದಿರಲಿಲ್ಲ. ಒಳಗೆ ಬಾಣಂತಿ ಮಗಳ ಕೂಸು ಚಳಿಗೆ ಅಳುತ್ತಿತ್ತು. ನೀಲವ್ವ ಹೋಳಿಗೆಯ ತಟ್ಟೆ ತಂದಿಟ್ಟಳು.

“ಡ್ಯೂಟಿ ಮ್ಯಾಲೆ ತಿನ್ನಂಗಿಲ್ರಿ.”

“ಒಂದರ ತಗೋರಿ.”

“ಒಲ್ಲೆನ್ರಿ ಅವ್ವಾರ.”

ಇಷ್ಟು ವರ್ಷ ಬಾಯಿಮಾತಿನ ಒಲ್ಲೆಯನ್ನಷ್ಟೇ ಕಂಡಿದ್ದ ಒಲೆ, ನಿಜವಾದದ್ದನ್ನು ಕೇಳಿ ಕೆಂಪಗಾಯಿತು. ಒಂಬತ್ತನೆಯ ಸಲಕ್ಕೆ ಮನೆಯೆಲ್ಲ ಕಾದು ಕಿಟಕಿಯ ಹಿಮ ಕರಗಿ ಇಳಿಯಿತು. ಇನ್‌ಸ್ಪೆಕ್ಟರು ಕೋಟು ಬಿಚ್ಚಿ ಬೆವರು ಒರೆಸಿಕೊಂಡರು. ಇಂಥ ಒಲೆ ಇಡೀ ಓಣಿಯಲ್ಲಿಲ್ಲ ಎಂದು ಬರೆದುಕೊಂಡರು. ಮುಂಜಾನೆಯಿಂದ ಅವರು ಏನೂ ತಿಂದಿರಲಿಲ್ಲ, ಹೋಳಿಗೆಯ ಮೇಲಿನ ತುಪ್ಪವೋ ಆ ಕಾವಿಗೆ ಘಮಘಮಿಸುತ್ತಿತ್ತು.

“ಆತು, ನಿಮ್ಮ ಮನಸ್ಸು ಯಾಕ ನೋಯಿಸ್ಲಿ,” ಎಂದು ಕೈ ಚಾಚಿದರು.

ನೀಲವ್ವ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಇನ್ನೊಂದು ನಾಕು ಸಲ ಒಲ್ಲೆ ಅನ್ರಿ ಸಾಹೇಬ್ರ. ಕೂಸಿಗೆ ಈಗ ನಿದ್ದಿ ಹತ್ತಾಕತ್ತೈತಿ.”